ಹೊಸ ಆಲ್ಬಂ ಕೇಳಿ ‘ಸೂಪರ್ ಗುರು’ ಅನ್ನೋದು ಬಿಟ್ಟು ಬೇರೆ ಏನಾದರೂ ಬರೆಯಬಹುದಾ?

ಒಂಟಿಕೊಪ್ಪಲ್ ಗಿಟಾರ್
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು. ನನ್ನ ಹಾಡು ನಾನೇ ಬರೆದು, ನಾನೇ ರಾಗ ಹಾಕಿ, ನಾನೇ ಹಾಡುತ್ತೇನೆ. ಯಾವ ಕಂಪನಿಯೂ ಹಿಂದಿಲ್ಲ. ಎರಡು ಆಲ್ಬಂ ಬಿಟ್ಟಿದ್ದೇನೆ. ಎಷ್ಟು ಜನ ಕೇಳಿದರು ಅಂತ ಮಾತ್ರ ಕೇಳಬೇಡಿ. ಹೊಟ್ಟೆಪಾಡು ಗಿಟಾರ್ ಪಾಠದಲ್ಲಿ ನಡೆಯುತ್ತಿದೆ.

ಎರಡನೇ ಆಲ್ಬಂ ಬಂದ ದಿನ ವಾಟ್ಸಾಪ್‌ನಲ್ಲಿ ಸುಮಾರು ಅರವತ್ತು ಜನಕ್ಕೆ ಲಿಂಕ್ ಕಳಿಸಿದ್ದೆ. ಬೆಂಕಿ ಎಮೋಜಿ ಬಂತು, ಕೈ ಮುಗಿಯುವ ಎಮೋಜಿ ಬಂತು, ‘ಸೂಪರ್ ಗುರು’ ಬಂತು. ಆಲ್ಬಂ ಇರೋದು 31 ನಿಮಿಷ. ಕಳಿಸಿದ ನಾಲ್ಕೇ ನಿಮಿಷಕ್ಕೆ ಒಬ್ಬರು ‘ಪೂರ್ತಿ ಕೇಳಿದೆ, ಅದ್ಭುತ’ ಅಂತ ಬರೆದರು. ಒಬ್ಬನೇ ಒಬ್ಬ, ನನ್ನ ಹಳೇ ವಿದ್ಯಾರ್ಥಿ, ಫೋನ್ ಮಾಡಿ ‘ಸಾರ್, ಮೂರನೇ ಹಾಡಲ್ಲಿ ಒಂದು ಸಾಲು ನಿಮಗೇ ಇಷ್ಟ ಇಲ್ಲ ಅಲ್ವಾ?’ ಅಂದ. ಎರಡು ದಿನ ಅವನ ಮೇಲೆ ಕೋಪ ಇತ್ತು. ಮೂರನೇ ದಿನ ಹಾಕಿ ಕೇಳಿದೆ. ಪ್ರಾಸ ಸಿಗಲಿ ಅಂತ ತುರುಕಿದ್ದ ಸಾಲು ಅದು. ಹಾಡುವಾಗ ನಾನೇ ಅದನ್ನು ಗಬಕ್ಕನೆ ನುಂಗಿದ್ದೆ. ನನ್ನ ಗಂಟಲು ಒಪ್ಪಿಕೊಂಡಿದ್ದನ್ನು ನಾನು ಒಪ್ಪಿರಲಿಲ್ಲ.

ಅವತ್ತಿನಿಂದ ಹೊಸ ಕನ್ನಡ ಆಲ್ಬಂ ಯಾವುದು ಬಂದರೂ ಪೂರ್ತಿ ಕೇಳಿ, ಅನಿಸಿದ್ದನ್ನು ಬರೆದು ಆ ಹಾಡುಗಾರರಿಗೇ ಕಳಿಸುತ್ತಿದ್ದೆ. ಅರ್ಧ ಜನ ಉತ್ತರ ಕೊಡಲಿಲ್ಲ. ಒಬ್ಬರು ಬ್ಲಾಕ್ ಮಾಡಿದರು. ಈ ಸಲ ಇಲ್ಲೇ ಹಾಕುತ್ತಿದ್ದೇನೆ. ಹೆಸರು ಹಾಕಲ್ಲ. ಹಾಕಿದರೆ ಮಾತು ಹಾಡು ಬಿಟ್ಟು ಜನರ ಮೇಲೆ ಹೋಗುತ್ತದೆ. ಕೇಳಿದವರಿಗೆ ಯಾವುದು ಅಂತ ಹೇಗೂ ಗೊತ್ತಾಗುತ್ತದೆ.

ಮೊದಲನೆಯದು ಒಂದು ಬ್ಯಾಂಡಿನದು. ಎಂಟು ಹಾಡು. ನುಡಿಸುವವರ ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಟೂ ಹಾಡು ಮೊದಲ ಸೆಕೆಂಡಿನಿಂದ ಕೂಗುತ್ತವೆ. ಪಿಸುಗುಡಬೇಕಾದ ಸಾಲಿಗೂ ಡ್ರಮ್ಸ್ ಅಷ್ಟೇ ಜೋರು. ಮಾಸ್ಟರಿಂಗ್‌ನಲ್ಲಿ, ಅಂದರೆ ಹಾಡು ಬಿಡುವ ಮೊದಲು ಸದ್ದನ್ನು ಕೊನೆಯದಾಗಿ ಹದ ಮಾಡುವಾಗ, ಎಲ್ಲವನ್ನೂ ಒತ್ತಿ ಒತ್ತಿ ಚಪ್ಪಟೆ ಮಾಡಿದ್ದಾರೆ. ಇದರಿಂದ ಲಾಭವೂ ಇಲ್ಲ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಅಂತ ಅಳೆಯುವ ಲೆಕ್ಕ) ಅನ್ನೋ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತದೆ. ನೀವು ಎಷ್ಟೇ ಜೋರು ಮಾಡಿ ಕಳಿಸಿ, ಅದು ಇಳಿಸುತ್ತದೆ. ಜೋರು ಹೋಗಿ ಚಪ್ಪಟೆ ಮಾತ್ರ ಉಳಿಯುತ್ತದೆ.

ಮೂರನೆಯದನ್ನು ಈಗಲೇ ಹೇಳಿ ಮುಗಿಸುತ್ತೇನೆ. ವಚನಗಳಿಗೆ ಎಲೆಕ್ಟ್ರಾನಿಕ್ ಸಂಗೀತ. ಲ-ಳ ವ್ಯತ್ಯಾಸ ಇಲ್ಲ. ವಚನದ ಕೊನೆಗೆ ಬರುವ ಅಂಕಿತನಾಮವನ್ನು ಆಟೋಟ್ಯೂನ್ (ಶ್ರುತಿ ತಿದ್ದುವ ಸಾಫ್ಟ್‌ವೇರ್) ಹಾಕಿ ರಬ್ಬರ್ ಥರ ಎಳೆದಿದ್ದಾರೆ. ಮಾತು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ. ನನಗೆ ಹಿಡಿಸಲಿಲ್ಲ.

ಎರಡನೆಯದರ ಬಗ್ಗೆ ಜಾಸ್ತಿ ಬರೆಯಬೇಕು, ಯಾಕೆಂದರೆ ಅದು ನನಗೆ ಇಷ್ಟವಾಯಿತು. ಮಂಡ್ಯ ಕಡೆಯ ಹೆಣ್ಣುಮಗಳು. ಒಂದು ಗಿಟಾರ್, ಒಂದು ದನಿ, ಆರು ಹಾಡು, 24 ನಿಮಿಷ. ವಾರಕ್ಕೆ ಎರಡು ದಿನ ಪಾಠ ಹೇಳೋಕೆ ರೈಲಿನಲ್ಲಿ ಮಂಡ್ಯಕ್ಕೆ ಹೋಗುತ್ತೇನೆ. ಮೈಸೂರು ಬಿಟ್ಟ ಕೂಡಲೇ ಹಾಕಿಕೊಂಡರೆ ಯಲಿಯೂರು ಬರುವ ಮೊದಲೇ ಮುಗಿಯುತ್ತದೆ. ಹೀಗೆ ನಾಲ್ಕು ಸಲ ಕೇಳಿದ್ದೇನೆ. ಐದನೇ ಹಾಡಿನ ಮೊದಲ ಸಾಲು ‘ಸೋಗೆ ಕುಯ್ದ ಕೈಗೆ ಅವ್ವ ಎಣ್ಣೆ ಸವರಿದ ಸಂಜೆ’. ಇಷ್ಟು ಸಾಕು. ಕಬ್ಬಿನ ಗದ್ದೆಗೆ ಒಂದು ಸಲ ಇಳಿದವರಿಗೆ ಕೈ ಉರಿಯುತ್ತದೆ.

ಆಮೇಲೆ ಏನಾಯಿತೋ. ಎರಡನೇ ಚರಣ ‘ಮೌನದ ಕಡಲಲಿ, ನೆನಪಿನ ಒಡಲಲಿ’ ಅಂತ ಶುರುವಾಗುತ್ತದೆ. ಮಂಡ್ಯಕ್ಕೆ ಕಡಲು ಎಲ್ಲಿಂದ ಬಂತು? ಘಟ್ಟ ಇಳಿಯಬೇಕಲ್ವಾ? ಬಾಗಿಲಲ್ಲೇ ನಾಲೆ ಹರಿಯುತ್ತಿರುವಾಗ ಕಡಲು ಯಾಕೆ? ಸೋಗೆ, ಎಣ್ಣೆ, ಅವ್ವನ ಕೈ ಎಲ್ಲ ಕಣ್ಣೆದುರಿಗೆ ಇತ್ತು. ಕಡಲು ಬಂದ ಕೂಡಲೇ ಎಲ್ಲ ಮಾಯ.

ಇನ್ನೆರಡು ತಕರಾರು. ಆ ಹಾಡಿನಲ್ಲಿ ಉದ್ದಕ್ಕೂ ಗುಂಯ್ ಅಂತ ಒಂದು ಸದ್ದಿದೆ. ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಬರುವ ಹಮ್ ಅದು. ತಾಳವೂ ಜಗ್ಗುತ್ತದೆ. 1 ನಿಮಿಷ 50 ಸೆಕೆಂಡಿನ ಹತ್ತಿರ ಹಾಡು ಏದುಸಿರು ಬಿಟ್ಟು ನಿಧಾನವಾಗಿ, ಮತ್ತೆ ಓಡುತ್ತದೆ. ಟಿಕ್ ಟಿಕ್ ಅಂತ ತಾಳ ಕೊಡುವ ಮೆಟ್ರೊನೋಮ್ ಕಿವಿಗೆ ಹಾಕಿಕೊಂಡು ಹಾಡಿದ್ದರೆ ಇದು ಆಗುತ್ತಿರಲಿಲ್ಲ.

ಬಯ್ಯುವವರು ಬಯ್ಯಿರಿ. ಹಾಡು ಕೇಳಿ ಬಯ್ಯಿರಿ.


ಅಗ್ರಹಾರದ ತಿರುವು
ಶನಿವಾರ, ರಾತ್ರಿ 10:15

ನಾನು ಕೇಳಿಯೇ ಬಯ್ಯುತ್ತಿದ್ದೇನೆ. ನೀವೂ ಹಾಡುಗಾರರು, ಅವರೂ ಹಾಡುಗಾರರು. ಹೋಟೆಲ್ ಇಟ್ಟವನು ಪಕ್ಕದ ಹೋಟೆಲ್ ದೋಸೆ ಸೀದಿದೆ ಅಂತ ರಸ್ತೆಯಲ್ಲಿ ನಿಂತು ಹೇಳಿದ ಹಾಗಾಯಿತು. ನಿಜವೇ ಇರಬಹುದು. ಕೇಳಿದವರು ಏನಂದುಕೊಳ್ಳುತ್ತಾರೆ?


ಒಂಟಿಕೊಪ್ಪಲ್ ಗಿಟಾರ್
ಶನಿವಾರ, ರಾತ್ರಿ 10:31

ದೋಸೆ ಮಾತು ಒಪ್ಪಿದೆ. ಆದರೆ ಹಂಚು ಕಾದಿದೆಯಾ ಇಲ್ಲವಾ ಅಂತ ಸದ್ದಿನಲ್ಲೇ ಗೊತ್ತಾಗುವುದು ದೋಸೆ ಹುಯ್ಯುವವನಿಗೇ ಅಲ್ವಾ? ಪಕ್ಕದ ಹೋಟೆಲ್‌ಗೆ ಹೋಗಬೇಡಿ ಅಂತ ನಾನು ಹೇಳಿಲ್ಲ. ಎರಡನೇ ಆಲ್ಬಂ ಕೇಳಿ ಅಂತಲೇ ಹೇಳುತ್ತಿದ್ದೇನೆ. ಅದಕ್ಕೇ ಅದರ ಬಗ್ಗೆ ಅಷ್ಟುದ್ದ ಬರೆದಿದ್ದು.


ವಿ.ಸಿ. ನಾಲೆ
ಶನಿವಾರ, ರಾತ್ರಿ 10:50

ಗಿಟಾರಣ್ಣ, ಹೆಸರು ಹಾಕ್ದೆ ಇದ್ರೂ ಗೊತ್ತಾಯ್ತು ಬುಡಣ್ಣ. ಆ ಹುಡ್ಗಿ ನಮ್ಮ ಕಡೇದು. ಟ್ರ್ಯಾಕ್ಟರ್‌ನಲ್ಲಿ ಹಾಕ್ಕೊಂಡು ಕೇಳಿದ್ದೀನಿ. ನಂಗೆ ಯಾವ ಗುಂಯ್ಯೂ ಕೇಳಿಸ್ಲಿಲ್ಲ. ಟ್ರ್ಯಾಕ್ಟರೇ ಗುಂಯ್ ಅಂತದೆ.

ಕಡಲಿನ ಮಾತು ಮಾತ್ರ ನೂರಕ್ಕೆ ನೂರು. ಎಲ್ಲ ಹೊಸ ಹಾಡಿನಲ್ಲೂ ಕಡಲು, ಅಲೆ, ದೋಣಿ. ಕನ್ನಂಬಾಡಿ ಕಟ್ಟೆ ಇದೆಯಲ್ಲ ಸಾಮಿ, ಅಷ್ಟು ನೀರು ಸಾಲದಾ?


ಮುಂದಿನ ಸಾಲಿನವನು
ಭಾನುವಾರ, ಬೆಳಗ್ಗೆ 6:20

ನನಗೆ ವಯಸ್ಸಾಗಿದೆ, ಬೆಳಗ್ಗೆ ಬೇಗ ಏಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಿದ್ದವರು ದಾಟಿಕೊಂಡು ಹೋಗಿ.

ಗಿಟಾರ್ ಅವರೇ, ಹಾಡುಗಾರನ ಎದುರೇ ಹೇಳುವುದು ಮೈಸೂರಿಗೆ ಹೊಸದಲ್ಲ. ಸಂಗೀತ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಲ್ಲಿ, ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ನಾನು ಎಷ್ಟೋ ವರ್ಷ ಮುಂದಿನ ಸಾಲಿನಲ್ಲೇ ಕೂತವನು. ತಾಳ ತಪ್ಪಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ತೊಡೆಯ ಮೇಲೆ ಹಾಕುತ್ತಿದ್ದ ಕೈ ನಿಲ್ಲುತ್ತಿತ್ತು, ಅಷ್ಟೇ. ವೇದಿಕೆ ಮೇಲಿದ್ದವರಿಗೆ ಅದು ಕಾಣುತ್ತಿತ್ತು. ಹಿಡಿಸಿದರೆ ‘ಆಹಾ’. ಅದೂ ಎಲ್ಲದಕ್ಕೂ ಅಲ್ಲ. ‘ಆಹಾ’ ಅನ್ನುವುದಕ್ಕೂ ಲೆಕ್ಕ ಇತ್ತು.

ಇನ್ನೊಂದು ಮಾತು. ಭಾವಗೀತೆಯಲ್ಲಿ ಕವಿ ಬೇರೆ, ರಾಗ ಹಾಕುವವರು ಬೇರೆ. ಹಾಡುವವರು ಎಷ್ಟೋ ಸಲ ಮೂರನೆಯವರು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಕವಿತೆ ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿ ಅವರದು. ಸಾಲು ಸಡಿಲ ಇದ್ದರೆ ರಾಗ ಹಾಕುವವರಿಗೆ ತೊಡಕಾಗುತ್ತದೆ. ರಾಗ ಮಾತನ್ನು ಮುರಿದರೆ ಕವಿಗೆ ನೋವಾಗುತ್ತದೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕಾವಲು. ನೀವು ಈಗಿನವರು ಮೂರನ್ನೂ ಒಬ್ಬರೇ ಮಾಡುತ್ತೀರಿ. ‘ಈ ಸಾಲು ಬೇಡ ಮಾರಾಯ’ ಅನ್ನುವವರು ಮನೆಯಲ್ಲಿ ಯಾರೂ ಇಲ್ಲ.

ಹಾಗಂತ ಒಬ್ಬರೇ ಮಾಡಬಾರದು ಅಂತಲ್ಲ. ನಮ್ಮಲ್ಲಿ ಅದಕ್ಕೆ ವಾಗ್ಗೇಯಕಾರ ಅನ್ನೋ ಹೆಸರೇ ಇದೆ. ಮೈಸೂರು ವಾಸುದೇವಾಚಾರ್ಯರು ಅಂಥವರು. ಜಯಚಾಮರಾಜ ಒಡೆಯರು 94 ಕೃತಿ ಮಾಡಿದರು. ಆದರೆ ಅವರ ಸುತ್ತ ವಿದ್ವಾಂಸರ ದಂಡೇ ಇತ್ತು. ನಿಮ್ಮ ಸುತ್ತ ಎಮೋಜಿ ಇದೆ.

ನೀವು ಬರೆಯಿರಿ. ಆದರೆ ಮೂರನೇ ಆಲ್ಬಂಗೆ ನಾಲ್ಕು ಸಾಲಿನಲ್ಲಿ ಬಾಗಿಲು ಹಾಕಿದ್ದು ಸರಿ ಇಲ್ಲ. ಒಂದಾದರೂ ಹಾಡು ಎರಡನೇ ಸಲ ಕೇಳಿದ್ದೀರಾ?


ಒಂಟಿಕೊಪ್ಪಲ್ ಗಿಟಾರ್
ಭಾನುವಾರ, ಬೆಳಗ್ಗೆ 9:05

ಇಲ್ಲ ಸಾರ್. ಒಂದೇ ಸಲ. ಅದೂ ಪಾತ್ರೆ ತೊಳೆಯುತ್ತಾ. ಸಿಕ್ಕಿಬಿದ್ದೆ.


ಸಾವಿರಕ್ಕೆ ಹತ್ತು ಕಮ್ಮಿ
ಭಾನುವಾರ, ಬೆಳಗ್ಗೆ 11:12

ನಾನೂ ಸ್ವಂತ ಹಾಡು ಮಾಡುವವನು. ನನ್ನ ಕಷ್ಟ ಬೇರೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿರದಿದ್ದರೆ ಅದಕ್ಕೆ ಕಾಸೇ ಇಲ್ಲ. ನನ್ನ ಒಂದು ಹಾಡು 990ಕ್ಕೆ ನಿಂತು ಎರಡು ತಿಂಗಳಾಯಿತು. ನಮ್ಮ ಅತ್ತಿಗೆಗೆ ದಿನಾ ಕೇಳಿ ಅಂತ ಹೇಳೋಕೂ ನಾಚಿಕೆ. ಸಾವಿರ ದಾಟಿದರೂ ಬರೋದು ಒಂದು ಮಸಾಲೆ ದೋಸೆ, ಕಾಫಿಗೆ ಸರಿಹೋಗಬಹುದು, ಅದು ಬೇರೆ ಮಾತು.

ಇಂಥ ಹೊತ್ತಿನಲ್ಲಿ ‘ಹಮ್ ಇದೆ, ತಾಳ ಜಗ್ಗುತ್ತೆ’ ಅಂತ ಊರಿಗೆಲ್ಲ ಹೇಳಿದರೆ ಕೇಳೋ ಹತ್ತು ಜನರೂ ಕೇಳಲ್ಲ. ದೊಡ್ಡ ಸಿನಿಮಾ ಹಾಡುಗಳಿಗೆ ಬಯ್ಯಿರಿ, ತಡೆದುಕೊಳ್ಳುತ್ತವೆ. ಸಣ್ಣ ಗಿಡಕ್ಕೆ ಕತ್ತರಿ ಯಾಕೆ?


ಒಂಟಿಕೊಪ್ಪಲ್ ಗಿಟಾರ್
ಭಾನುವಾರ, ಬೆಳಗ್ಗೆ 11:40

ನಿಮ್ಮ ಕಷ್ಟ ನನ್ನದೂ ಹೌದು. ಲಿಂಕ್ ಕಳಿಸಿ, 991ನೆಯವನು ನಾನಾಗುತ್ತೇನೆ. ಆದರೆ ಹೊಗಳಿಕೆಯಿಂದ ಕೇಳುಗರು ಬರುತ್ತಾರೆ ಅನ್ನೋದನ್ನು ನಾನು ನಂಬಲ್ಲ. ಎಲ್ಲ ಆಲ್ಬಂ ಕೆಳಗೂ ‘ಅದ್ಭುತ’ ಅಂತಿದ್ದರೆ ಯಾವುದನ್ನು ಕೇಳಬೇಕು ಅಂತ ಹೇಗೆ ಗೊತ್ತಾಗಬೇಕು? ನಿನ್ನೆ ರಾತ್ರಿಯಿಂದ ಇಲ್ಲಿ ಏಳೆಂಟು ಜನ ಆ ಐದನೇ ಹಾಡು ಯಾವುದು ಅಂತ ಮೆಸೇಜ್ ಮಾಡಿ ಕೇಳಿದ್ದಾರೆ. ಕಡಲು ಎಲ್ಲಿದೆ ಅಂತ ಹುಡುಕೋಕೆ ಇರಬಹುದು. ಆದರೂ ಕೇಳುತ್ತಿದ್ದಾರೆ.


ಕೋರ್ಟ್ ಎದುರಿನ ಕ್ಯಾಂಟೀನ್
ಭಾನುವಾರ, ಮಧ್ಯಾಹ್ನ 12:30

ನಡುವೆ ಒಂದು ಮಾತು. ಹಾಡಿನ ತುಣುಕು ಹಾಕಿ ತೋರಿಸಿದರೆ ಎಲ್ಲರಿಗೂ ಅನುಕೂಲ ಅಂತ ಒಬ್ಬರು ನನಗೆ ಬರೆದು, 30 ಸೆಕೆಂಡ್ ತನಕ ಹಾಕಬಹುದಲ್ವಾ ಅಂತ ಕೇಳಿದ್ದಾರೆ. ಹಾಗೊಂದು ಲೆಕ್ಕ ನಮ್ಮ ಕಾನೂನಿನಲ್ಲಿ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. ಇಷ್ಟೇ ಸೆಕೆಂಡ್ ಅಂತ ಹೇಳುವುದಿಲ್ಲ. ನೀವು ಹೇಳುವ ಮಾತಿಗೆ ಎಷ್ಟು ಬೇಕೋ ಅಷ್ಟು ಹಾಕಿ, ಹಾಡು ಯಾರದು ಅಂತ ಬರೆಯಿರಿ. ಹೆಸರು ಹಾಕಲ್ಲ ಅನ್ನೋ ನಿಮ್ಮ ಹಟ ಅಲ್ಲಿ ನಡೆಯಲ್ಲ.


ಫೇಡರ್
ಭಾನುವಾರ, ಸಂಜೆ 4:45

ಗುರುಗಳೇ, ನಾನು ರೆಕಾರ್ಡಿಂಗ್ ಕೆಲಸ ಮಾಡುವವನು. ಮಧ್ಯಾಹ್ನ ಊಟ ಆದಮೇಲೆ ಸುಮ್ನೆ ಕೂರಲಾಗದೆ ಆ ಐದನೇ ಹಾಡನ್ನು ಹಾಕಿ ಸ್ಪೆಕ್ಟ್ರಮ್, ಅಂದರೆ ಅದರಲ್ಲಿ ಯಾವ ಯಾವ ಕಂಪನ ಇದೆ ಅಂತ ತೋರಿಸುವ ಚಿತ್ರ, ನೋಡಿದೆ. ನಿಮ್ಮ ಹಮ್ ಮಾತು ತಪ್ಪು.

ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಕಂಪನ. ಅರ್ಥಿಂಗ್ ಹಮ್ ಆಗಿದ್ದರೆ 50, 100, 150ರಲ್ಲಿ ಅಡಿಕೋಲು ಇಟ್ಟು ಎಳೆದ ಹಾಗೆ ಗೆರೆ ಬರಬೇಕು. ಹಾಡು ಮುಗಿಯುವ ತನಕ ಆ ಗೆರೆ ಅಲ್ಲಾಡಬಾರದು. ಇಲ್ಲಿ ಅಂಥ ಗೆರೆ ಇಲ್ಲ. ಬದಲಿಗೆ ಬಡಿತ ಇದೆ. ಡುಗ್ ಡುಗ್ ಡುಗ್ ಅಂತ, ಸೆಕೆಂಡಿಗೆ ಐದರ ಲೆಕ್ಕದಲ್ಲಿ. ಹಾಡಿನ ವೇಗ ನಿಮಿಷಕ್ಕೆ 75ರ ಹತ್ತಿರ. ಅಂದರೆ ಒಂದು ಬೀಟ್‌ಗೆ ಸರಿಯಾಗಿ ನಾಲ್ಕು ಬಡಿತ. ಇದು ಸುಮ್ನೆ ಕೂಡಿಬಂದಿದ್ದಲ್ಲ.

ನೀವು ಹೇಳಿದ 1:50ಕ್ಕೆ ಬನ್ನಿ. ಹಾಡು ನಿಧಾನವಾಗುತ್ತದೆ, ಹೌದು. ಆದರೆ ಮೊದಲು ನಿಧಾನವಾಗುವುದು ಬಡಿತ. ಗಿಟಾರ್ ಅದರ ಹಿಂದೆ ಹೋಗುತ್ತದೆ. ಏಳೆಂಟು ಸೆಕೆಂಡ್ ಆದಮೇಲೆ ಬಡಿತ ಚೇತರಿಸಿಕೊಳ್ಳುತ್ತದೆ, ಗಿಟಾರೂ ಚೇತರಿಸಿಕೊಳ್ಳುತ್ತದೆ.

ನಿಮಿಷಕ್ಕೆ 600 ಸುತ್ತು ತಿರುಗುವ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ ಅನ್ನೋದು ನನ್ನ ಊಹೆ. ಫೋರ್ ಸ್ಟ್ರೋಕ್ ಆದರೆ ಎರಡು ಸುತ್ತಿಗೆ ಒಂದು ಸಲ ಸಿಡಿಯುತ್ತದೆ. ನಿಮಿಷಕ್ಕೆ 300. ಭಾಗಿಸಿದರೆ 75ಕ್ಕೆ ನಾಲ್ಕು. ಆದರೆ ನೂರು ಹರ್ಟ್ಜ್ ಕೆಳಗಿನದ್ದನ್ನೆಲ್ಲ ಕತ್ತರಿಸಿ ಮೇಲೆ ನಾಯ್ಸ್ ರಿಡಕ್ಷನ್ ಬಳಿದಿದ್ದಾರೆ. ಬಡಿತದ ತಲೆ ಹೋಗಿ ಬಾಲ ಮಾತ್ರ ಉಳಿದಿದೆ. ಇಯರ್‌ಫೋನ್‌ನಲ್ಲಿ, ಅದೂ ರೈಲಿನಲ್ಲಿ, ಅದು ಗುಂಯ್ ಅಂತ ಕೇಳಿದರೆ ನಿಮ್ಮ ತಪ್ಪೂ ಇಲ್ಲ.


ವಿ.ಸಿ. ನಾಲೆ
ಭಾನುವಾರ, ಸಂಜೆ 4:58

ಅಯ್ಯೋ, ಅದು ಆಲೆಮನೆ ಎಂಜಿನ್ನು ಕಣಣ್ಣ! ಗಾಣಕ್ಕೆ ಒಂದೇ ಸಲ ಜಾಸ್ತಿ ಕಬ್ಬು ಕೊಟ್ರೆ ಹಂಗೇ ಏದುಸಿರು ಬುಡೋದು. ನಾನು ಟ್ರ್ಯಾಕ್ಟರ್‌ನಲ್ಲಿ ಕೇಳಿ ಕೆಟ್ಟೆ. ಈಗ ಮನೇಲಿ ಕೂತ್ಕೊಂಡು ಕೇಳ್ತೀನಿ.


ಬೆಲ್ಲದಚ್ಚು
ಭಾನುವಾರ, ರಾತ್ರಿ 8:20

ಇಷ್ಟು ಹೊತ್ತು ಓದುತ್ತಾ ಇದ್ದೆ. ಬರೆಯೋದು ಬೇಡ ಅಂದುಕೊಂಡಿದ್ದೆ. ಎರಡನೇ ಆಲ್ಬಂ ನನ್ನದು.

ಗಿಟಾರ್ ಸರ್, ನಿನ್ನೆ ರಾತ್ರಿ ನಿಮ್ಮ ಬರಹ ಓದಿ ತಟ್ಟೆ ಹಾಗೇ ಬಿಟ್ಟು ಎದ್ದೆ. ‘ಮೆಟ್ರೊನೋಮ್ ಹಾಕಿಕೊಳ್ಳಬಹುದಿತ್ತು’ ಅನ್ನೋ ಮಾತಿಗೆ ತುಂಬಾ ಬೇಜಾರಾಯಿತು. ಇವತ್ತು ಫೇಡರ್ ಅವರು ಬರೆದದ್ದನ್ನು ನಮ್ಮ ಮಾವನಿಗೆ ಓದಿ ಹೇಳಿದೆ. ‘ಕಂಪ್ಯೂಟರಲ್ಲಿ ನೋಡಿ ನಮ್ಮ ಎಂಜಿನ್ ಹೇಳ್ಬುಟ್ನಾ?’ ಅಂತ ನಗುತ್ತಲೇ ಇದ್ದಾರೆ.

ಅದು ನಮ್ಮ ಸೋದರಮಾವನ ಆಲೆಮನೆ. ಮೋಟರ್ ಇದೆ. ತ್ರೀ ಫೇಸ್ ಹೋದಾಗ ಹಳೇ ಡೀಸೆಲ್ ಎಂಜಿನ್ ಹಾಕುತ್ತಾರೆ. ಒಂದು ರಾತ್ರಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಾ ಕೂತಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಪಾಕ ಬರೋಕೆ ಇನ್ನೂ ಹೊತ್ತಿತ್ತು. ಎಂಜಿನ್ ಸದ್ದಿಗೆ ಬೆರಳು ತಾನಾಗೇ ಆಡೋಕೆ ಶುರುವಾಯಿತು. ಮೊದಲ ಚರಣ ಅಲ್ಲೇ ಬಂತು. ಒಳಗೆ ಹೋಗಿ ಗಿಟಾರ್ ತಂದು, ಮಂಚದ ಮೇಲೆ ಫೋನ್ ಇಟ್ಟು ರೆಕಾರ್ಡ್ ಒತ್ತಿದೆ. 1:50ರಲ್ಲಿ ಮಾವ ಒಂದು ದಪ್ಪ ಹಿಡಿ ಕಬ್ಬು ಕೊಟ್ಟರು. ಎಂಜಿನ್ ಕುಸಿಯಿತು, ನಾನೂ ಕುಸಿದೆ. ನನಗೆ ಅದೇ ಇಷ್ಟವಾಗಿತ್ತು. ಆಮೇಲೆ ಮನೆಯಲ್ಲಿ ಒಳ್ಳೆ ಮೈಕಿನಲ್ಲಿ ಐದಾರು ಸಲ ಹಾಡಿದೆ. ಒಂದೂ ಹಾಗೆ ಬರಲಿಲ್ಲ.

ಹಾಗಾದರೆ ಯಾಕೆ ಕತ್ತರಿಸಿದೆ ಅಂತ ಕೇಳುತ್ತೀರಿ. ಬಿಡುವ ಮೊದಲು ನಾಲ್ಕು ಜನಕ್ಕೆ ಕೇಳಿಸಿದೆ. ಮೂರು ಜನ ‘ಹಿಂದೆ ಏನೋ ಸದ್ದು ಬರುತ್ತೆ, ತೆಗೀಬಹುದಾ’ ಅಂದರು. ಹೆದರಿಕೊಂಡು ನಾಯ್ಸ್ ರಿಡಕ್ಷನ್ ಹಾಕಿದೆ. ಅರ್ಧ ಹೋಯಿತು, ಅರ್ಧ ಉಳಿಯಿತು.


ಒಂಟಿಕೊಪ್ಪಲ್ ಗಿಟಾರ್
ಭಾನುವಾರ, ರಾತ್ರಿ 10:05

ಮೇಡಂ, ಮೊದಲು ಕ್ಷಮೆ ಇರಲಿ. ಮೆಟ್ರೊನೋಮ್ ಮಾತು ದುಡುಕಿ ಬರೆದದ್ದು. ಅರ್ಥಿಂಗ್ ಮಾತೂ ತಪ್ಪು. ನಾಲ್ಕು ಸಲ ಕೇಳಿದ್ದೇನೆ ಅಂತ ಜಂಬ ಬೇರೆ ಕೊಚ್ಚಿಕೊಂಡಿದ್ದೆ. ನಾಲ್ಕೂ ಸಲ ರೈಲಿನ ಸದ್ದಿನಲ್ಲೇ ಕೇಳಿದ್ದೆ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಅಂತೂ ಏನೂ ಕೇಳಿಸಲ್ಲ.

ಈಗ ಮನೆಯಲ್ಲಿ ದೊಡ್ಡ ಸ್ಪೀಕರಿಗೆ ಹಾಕಿ ಕೂತು ಕೇಳಿದೆ. ನಮ್ಮಾಕೆಯೂ ಪಕ್ಕದಲ್ಲಿ ಕೂತಿದ್ದಳು. ನಾನು ಎಂಜಿನ್ ವಿಷಯ ಹೇಳಿರಲಿಲ್ಲ. 1:50 ಬಂದಾಗ ‘ಪಾಪ, ಸುಸ್ತಾಯ್ತು ಅನ್ಸುತ್ತೆ ಆ ಹುಡುಗಿಗೆ’ ಅಂದಳು. ಎಂಜಿನ್ ಅಂತ ಅವಳಿಗೂ ಗೊತ್ತಾಗಲಿಲ್ಲ.

ನನ್ನ ತಕರಾರು ಈಗ ಅಲ್ಲಿಗೆ ಬಂದು ನಿಂತಿದೆ. ಹೊಸದಾಗಿ ಹೇಳುತ್ತೇನೆ. ಆ ಸದ್ದು ಇರೋದು ತಪ್ಪಲ್ಲ, ಅದನ್ನು ಅರ್ಧ ಮುಚ್ಚಿದ್ದು ತಪ್ಪು. ನಿಮ್ಮ ಬೆರಳಿಗೆ ತಾಳ ಕೊಟ್ಟದ್ದು ಅದು. ನಿಮಗೆ ಕೇಳಿಸುತ್ತಿತ್ತು, ನಮಗೆ ಕೇಳಿಸುತ್ತಿಲ್ಲ. ಮೃದಂಗದವರನ್ನು ಕರೆಸಿ, ನುಡಿಸೋಕೆ ಹೇಳಿ, ಅವರ ಮುಂದೆ ಪರದೆ ಎಳೆದ ಹಾಗಾಗಿದೆ. ಹಾಡಿನ ಹಿಂದಿನ ಕತೆ ಗೊತ್ತಿದ್ದವರಿಗೆ ಮಾತ್ರ ಹಾಡು ತೆರೆದುಕೊಳ್ಳಬೇಕು ಅನ್ನೋದು ನನಗೆ ಸರಿ ಕಾಣಲ್ಲ. ಇಲ್ಲಿ ಓದಿದ ನಾವು ಇಪ್ಪತ್ತು ಮೂವತ್ತು ಜನ ಇದ್ದೇವು. ಮಿಕ್ಕವರಿಗೆ ಅದು ಗುಂಯ್‌ಯೇ.

ಮತ್ತೆ ಕಡಲು. ಅದರಲ್ಲಿ ನಾನು ಒಂದು ಹನಿಯೂ ಹಿಂದೆ ಸರಿಯಲ್ಲ.


ಅಗ್ರಹಾರದ ತಿರುವು
ಭಾನುವಾರ, ರಾತ್ರಿ 10:20

ಕ್ಷಮೆ ಕೇಳಿ ಅದೇ ಉಸಿರಿನಲ್ಲಿ ಇನ್ನೊಂದು ಏಟು! ಹೋಟೆಲ್‌ನವರೇ ನಿಮ್ಮಷ್ಟು ಜಗಳಗಂಟರಲ್ಲ.


ಮುಂದಿನ ಸಾಲಿನವನು
ಸೋಮವಾರ, ಬೆಳಗ್ಗೆ 6:35

ಏಟು ಅಲ್ಲ ಅದು. ಶನಿವಾರ ಬರೆದದ್ದಕ್ಕಿಂತ ಇದು ಒಳ್ಳೇ ವಿಮರ್ಶೆ. ಶನಿವಾರ ಅವರು ತಪ್ಪು ಹುಡುಕಿದ್ದರು. ನಿನ್ನೆ ಹಾಡು ಏನು ಮಾಡಲು ಹೊರಟಿತ್ತು ಅಂತ ನೋಡಿದ್ದಾರೆ.

ತಾಯಿ, ನಿನಗೆ ಒಂದು ಮಾತು. ನೀಲಗಾರರು ಮಂಟೇಸ್ವಾಮಿ ಕತೆ ಹೇಳುವುದನ್ನು ಕೇಳಿರುತ್ತೀಯ, ನಿಮ್ಮ ಕಡೆಯವರೇ. ತಂಬೂರಿ ಇದೆ, ಗಗ್ಗರ ಇದೆ. ಆ ಗಗ್ಗರದ ಸದ್ದನ್ನು ‘ಹಿಂದೆ ಏನೋ ಬರುತ್ತೆ, ತೆಗೀರಿ’ ಅಂತ ಯಾರಾದರೂ ಅಂದಾರಾ? ಆ ಮೂರು ಜನರ ಮಾತು ಕೇಳಬಾರದಿತ್ತು. ನಾಲ್ಕನೆಯವರು ಏನಂದರು?


ಬೆಲ್ಲದಚ್ಚು
ಸೋಮವಾರ, ಬೆಳಗ್ಗೆ 8:10

ನಾಲ್ಕನೆಯವರು ನಮ್ಮವ್ವ. ‘ಎಂಜಿನ್ನು ಚೆಂದಾಗ್ ಕೇಳುಸ್ತದೆ, ನೀನು ಏನ್ ಹಾಡ್ತಿದ್ದೀಯ ಅಂತ್ಲೇ ಗೊತ್ತಾಯ್ತಿಲ್ಲ’ ಅಂದರು. ಅದಕ್ಕೂ ಹೆದರಿಕೊಂಡೆ.

ಗಿಟಾರ್ ಸರ್, ಅರ್ಧ ಮುಚ್ಚಿದ್ದು ತಪ್ಪು ಅನ್ನೋದನ್ನು ಒಪ್ಪುತ್ತೇನೆ. ಫೋನಿನಲ್ಲಿ ಮೊದಲ ರೆಕಾರ್ಡಿಂಗ್ ಇನ್ನೂ ಇದೆ. ಏನನ್ನೂ ಕತ್ತರಿಸದೆ ಹಾಗೇ ಬಿಡೋಣ ಅಂತಿದ್ದೇನೆ.

ಇನ್ನು ಕಡಲು. ನಿಜ ಹೇಳಿಬಿಡುತ್ತೇನೆ. ‘ಒಡಲು’ ಮೊದಲು ಬಂತು. ಅದಕ್ಕೆ ಪ್ರಾಸ ಬೇಕಿತ್ತು, ‘ಕಡಲು’ ಸಿಕ್ಕಿತು. ನಾನು ಇದುವರೆಗೆ ಒಂದೇ ಸಲ ಸಮುದ್ರ ನೋಡಿದ್ದು, ಪಿಯುಸಿ ಟೂರಿನಲ್ಲಿ. ಮೊದಲ ಚರಣ ಆಲೆಮನೆಯಲ್ಲಿ ಬರೆದದ್ದು, ಎರಡನೆಯದನ್ನು ವಾರ ಆದಮೇಲೆ ಫ್ಯಾನ್ ಕೆಳಗೆ ಮಲಗಿ ಬರೆದೆ. ಗೊತ್ತಾಗುತ್ತೆ ಅಂದುಕೊಂಡಿರಲಿಲ್ಲ.

ಆದರೆ ನಿಮ್ಮ ಎರಡೂ ಆಲ್ಬಂ ನಿನ್ನೆ ರಾತ್ರಿ ಕೂತು ಕೇಳಿದೆ. ಮೊದಲನೆಯದರ ನಾಲ್ಕನೇ ಹಾಡಿನಲ್ಲಿ ‘ಕಡಲು’ ಎಷ್ಟು ಸಲ ಬರುತ್ತೆ ಸರ್? ಒಂಟಿಕೊಪ್ಪಲಿನಲ್ಲಿ ಯಾವ ಕಡಲಿದೆ?


ಒಂಟಿಕೊಪ್ಪಲ್ ಗಿಟಾರ್
ಸೋಮವಾರ, ಬೆಳಗ್ಗೆ 8:32

ಮೂರು ಸಲ.


ವಿ.ಸಿ. ನಾಲೆ
ಸೋಮವಾರ, ಬೆಳಗ್ಗೆ 8:34

ಹಹಹ. ಕುಕ್ಕರಹಳ್ಳಿ ಕೆರೆ ಇತ್ತಲ್ಲಣ್ಣೋ!


ಒಂಟಿಕೊಪ್ಪಲ್ ಗಿಟಾರ್
ಸೋಮವಾರ, ಬೆಳಗ್ಗೆ 8:50

ಸರಿ, ನನ್ನ ಕಡಲಿನಲ್ಲಿ ನಾನೇ ಮುಳುಗಿದೆ. ಮೇಡಂ, ಎರಡೂ ಆಲ್ಬಂ ಪೂರ್ತಿ ಕೇಳಿದ್ದೀರಿ ಅಂದಿರಲ್ಲ, ಉಳಿದದ್ದನ್ನೂ ಬರೆಯಿರಿ. ಇಲ್ಲೇ, ಎಲ್ಲರೆದುರೇ ಬರೆಯಿರಿ. ಎಮೋಜಿ ಬೇಡ.


ಬೆಲ್ಲದಚ್ಚು
ಸೋಮವಾರ, ರಾತ್ರಿ 9:15

ಬರೆಯುತ್ತೇನೆ, ಟೈಮ್ ಕೊಡಿ. ನಾಲ್ಕು ಸಲ ಕೇಳಬೇಕಲ್ಲ. ಈಗ ಒಂದೇ ಮಾತು ಹೇಳುತ್ತೇನೆ. ನೀವು ಹಾಡಿನ ಕೊನೆಯ ಪದವನ್ನು ಯಾವಾಗಲೂ ಎಳೆದು ಸಣ್ಣ ಮಾಡಿ ಮುಗಿಸುತ್ತೀರಿ. ಒಂದು ಹಾಡಿಗೆ ಚೆಂದ. ಹದಿನಾಲ್ಕು ಹಾಡಿಗೂ ಹಾಗೇ ಮಾಡಿದರೆ, ಕೊನೆ ಬಂತು ಅಂತ ಮೊದಲೇ ಗೊತ್ತಾಗುತ್ತದೆ.

ಮಾವ ಎಲ್ಲರನ್ನೂ ಕರೆಯಲು ಹೇಳಿದ್ದಾರೆ. ಬರುವ ಭಾನುವಾರ ಆಲೆ ಆಡುತ್ತದೆ. ಕಬ್ಬಿನ ಹಾಲು, ಬಿಸಿ ಬೆಲ್ಲ ಎರಡೂ ಇರುತ್ತದೆ. ಮಂಡ್ಯ ಸ್ಟೇಷನ್ನಿಗೆ ಬಂದರೆ ಕರೆದುಕೊಂಡು ಹೋಗೋಕೆ ಯಾರನ್ನಾದರೂ ಕಳಿಸುತ್ತೇನೆ. ಎಂಜಿನ್ ಕೇಳೋದಿದ್ದರೆ ಈ ಸಲವೇ ಬನ್ನಿ. ಈ ಸುಗ್ಗಿ ಮುಗಿದ ಮೇಲೆ ಅದನ್ನು ಗುಜರಿಗೆ ಹಾಕುವ ಮಾತು ನಡೆಯುತ್ತಿದೆ.


ಸಾವಿರಕ್ಕೆ ಹತ್ತು ಕಮ್ಮಿ
ಸೋಮವಾರ, ರಾತ್ರಿ 9:40

ನಾನು ಬರುತ್ತೇನೆ. ಅಂದಹಾಗೆ 1004 ಆಯಿತು, ಯಾರ್ಯಾರು ಕೇಳಿದಿರೋ ಎಲ್ಲರಿಗೂ ಥ್ಯಾಂಕ್ಸ್. ಹೇಗಿದೆ ಅಂತ ಮಾತ್ರ ಒಬ್ಬರೂ ಹೇಳಿಲ್ಲ.


ಫೇಡರ್
ಸೋಮವಾರ, ರಾತ್ರಿ 10:02

ಭಾನುವಾರ ನಾನೂ ಇದ್ದೇನೆ. ಎರಡು ಮೈಕ್ ತರುತ್ತೇನೆ ಮೇಡಂ. ಒಂದು ನಿಮಗೆ, ಒಂದು ಎಂಜಿನ್‌ಗೆ. ಮಾವನಿಗೆ ಹೇಳಿ, 1:50ಕ್ಕೆ ಕಬ್ಬು ಕೊಡಬೇಕಾಗುತ್ತದೆ.